ಹೆಡಗೆ ಲೆಕ್ಕ

ಬಾಯಾರಿನಿಂದ ಪೆರ್ಲದವರೆಗೆ ಹದಿನೇಳು ಸುರಂಗ,
ಒಂದೊಂದರ ಬಾಯಲ್ಲೂ ಒಂದೊಂದು ಮಾಪಕ
ಹತ್ತು ಸೆಕೆಂಡಿಗೊಮ್ಮೆ ನೀರಿನ ನಾಡಿ ಹಿಡಿದು
ನಾಲ್ಕು ವರ್ಷ ಬರೆದಿಟ್ಟಿತು.
ಇಪ್ಪತ್ತೊಂದು ಕೋಟಿ ಸಾಲು,
ಸಾಲಿಗೆ ನಾಲ್ಕು ಅಂಕಿ.
ಪಂಚಾಯತಿನವರು ಕೊಟ್ಟ ಕಂಪ್ಯೂಟರಿಗೆ
ನಾಲ್ಕೇ ಜಿಬಿ ಎದೆ.

ನಾನು ದಡ್ಡಿ. ಎಲ್ಲ ಒಮ್ಮೆಗೇ ಎತ್ತು ಅಂದೆ.
ಫ್ಯಾನು ಬುಸುಗುಟ್ಟಿತು, ಬಾಣ ನಿಂತಲ್ಲೇ ನಿಂತಿತು,
ಆಮೇಲೆ ಒಂದೇ ಒಂದು ಸಾಲು, ಸಾವಿನ ಓಲೆಯ ಹಾಗೆ:
ಮೆಮೊರಿ ಸಾಲದು.
ಮತ್ತೆ ಎತ್ತಿಸಿದೆ. ಮತ್ತೆ ಬಿತ್ತು.
ಮೂರನೇ ಸಲ ಕರೆಂಟೇ ಹೋಯಿತು;
ಅದು ಮಾತ್ರ ನನ್ನ ತಪ್ಪಲ್ಲ.

ಸಂಜೆ ಆರನೇ ಮಾಪಕದ ಬ್ಯಾಟರಿ ಬದಲಿಸಲು ಹೋದರೆ
ಅಂದುಂಞಿಚ್ಚ ಮುರಕಲ್ಲಿನ ಮೇಲೆ ಕೂತಿದ್ದರು.
ಎಪ್ಪತ್ತು ದಾಟಿದ ಬೆನ್ನು
ಕೊರೆದ ಸುರಂಗದ ಆಕಾರಕ್ಕೇ ಬಾಗಿದೆ.
ಇನ್ನೂರು ಕೋಲು, ಒಬ್ಬರೇ.
ಒಳಗೆ ಹೋಗುವ ಮುಂಚೆ ಗುಡ್ಡ ಎಷ್ಟು ದೊಡ್ಡದು ಅಂತ
ಒಮ್ಮೆಯಾದರೂ ನೋಡಿದ್ದಿರಾ, ಕೇಳಿದೆ.
"ನೋಡಿದರೆ ಪಿಕ್ಕಾಸು ಏಳುತ್ತದಾ, ಮೋಳೇ?
ನನಗೆ ಬೇಕಾದ್ದು ಮುಂದಿನ ಒಂದು ಹೆಡಗೆ ಮಣ್ಣು.
ಕೊರೆ, ತುಂಬು, ಎಳೆ, ಹೊರಗೆ ಸುರಿ.
ಸುರಿದದ್ದನ್ನು ಮತ್ತೆ ಒಳಗೆ ತರಬೇಡ.
ಮೊಂಬತ್ತಿ ಆರಿದರೆ ಹೊರಗೆ ಬಾ.
ಆರಿದ ಮೇಲೂ ಒಳಗೆ ಕೂತವ
ನೀರು ಕಾಣುವುದಿಲ್ಲ."

ರಾತ್ರಿ ಹಾಗೇ ಬರೆದೆ.
ಕಡತವನ್ನು ಡಿಸ್ಕಿನಲ್ಲೇ ಬಿಟ್ಟೆ, ಗುಡ್ಡ ಗುಡ್ಡದ ಜಾಗದಲ್ಲಿ.
ಹತ್ತು ಲಕ್ಷ ಸಾಲಿನ ಒಂದು ಹೆಡಗೆ ಮಾತ್ರ ಒಳಗೆ.
ಕೂಡು, ಎಣಿಸು, ಮೊತ್ತವನ್ನು ಬೆರಳ ಗೆಣ್ಣಲ್ಲಿ ಹಿಡಿ,
ಉಳಿದದ್ದನ್ನು ಬಿಟ್ಟುಬಿಡು.
ಸರಾಸರಿಗಳ ಸರಾಸರಿ ತೆಗೆಯುವ ಪೆದ್ದುತನ ಮಾಡಲಿಲ್ಲ;
ಕೊನೆಯ ಹೆಡಗೆ ಯಾವಾಗಲೂ ಅರೆ ತುಂಬಿರುತ್ತದೆ,
ಅದಕ್ಕೆ ಪೂರ್ತಿ ಕೂಲಿ ಸಲ್ಲದು.
ದಶಾಂಶದ ಬಾಲವನ್ನೂ ಅರ್ಧಕ್ಕೆ ಕತ್ತರಿಸಿದೆ:
ನೀರಿನ ಮಟ್ಟವನ್ನು ಕೂದಲೆಳೆ ಸೀಳಿ ಅಳೆದರೆ
ಯಾರ ಕೊಡ ತುಂಬೀತು?

ಬೆಳಗಿನ ಜಾವ ನಾಲ್ಕಕ್ಕೆ ಲೆಕ್ಕ ಮುಗಿಯಿತು.
ಎದೆಯ ಕಾಲು ಭಾಗವೂ ತುಂಬಿರಲಿಲ್ಲ.
ಒಬ್ಬಳೇ ನಕ್ಕೆ.

ಆದರೆ ಆರನೇ ಸುರಂಗ
ಕಳೆದ ಬೇಸಿಗೆಯಲ್ಲಿ ಒಮ್ಮೆಯೂ ಬತ್ತಿಲ್ಲ ಅನ್ನುತ್ತಿತ್ತು ಕಾಗದ.
ಬತ್ತಿತ್ತು. ನಾನೇ ಕಂಡಿದ್ದೆ.
ದುಗ್ಗಮ್ಮ ಖಾಲಿ ಕೊಡ ಕವುಚಿ ಹಾಕಿ
ಅದರ ಮೇಲೇ ಕೂತು ಬೈಯುತ್ತಿದ್ದಳು.
ಮೂರು ಗಂಟೆ ಹನಿಯಿಲ್ಲದಿದ್ದರೆ ಬತ್ತಿತೆಂದು ಲೆಕ್ಕ,
ನಿಯಮ ನನ್ನದೇ.
ಹುಡುಕಿದೆ. ನಾಲ್ಕು ಗಂಟೆಯ ಬರ:
ಎರಡು ಈ ಹೆಡಗೆಯ ಕೊನೆಗೆ,
ಎರಡು ಮುಂದಿನದರ ತಲೆಗೆ.
ಎರಡು ಕಡೆಯೂ ಸಾಲದಷ್ಟು ಚಿಕ್ಕದು.
ಎರಡು ಕಡೆಯವರೂ ಬರೆದುಕೊಳ್ಳಲಿಲ್ಲ.

ಗಡಿಯಲ್ಲಿ ಹುಟ್ಟಿದವಳು ನಾನು.
ಶಾಲೆಯ ಹಾಜರಿಯಲ್ಲಿ ಒಂದು ಲಿಪಿ,
ರೇಷನ್ ಕಾರ್ಡಿನಲ್ಲಿ ಇನ್ನೊಂದು,
ಹೆಸರಿನ ಕೊನೆಯಕ್ಷರ ನಡುವೆ ಎಲ್ಲೋ ಬಿದ್ದುಹೋಗಿದೆ.
ಗೆರೆ ಎಳೆದಲ್ಲಿ ಏನು ತುಂಡಾಗುತ್ತದೆಂದು
ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.
ಮರೆತಿದ್ದೆ.

ಈಗ ಪ್ರತಿ ಹೆಡಗೆಯೂ
ಹಿಂದಿನದರ ಕೊನೆಯ ಸಾವಿರದ ಎಂಬತ್ತು ಸಾಲು,
ಅಂದರೆ ಮೂರು ಗಂಟೆ,
ಹೊತ್ತುಕೊಂಡೇ ಒಳಗೆ ಬರುತ್ತದೆ.
ಮೊತ್ತಕ್ಕೆ ಅವನ್ನು ಎರಡು ಸಲ ಎಣಿಸುವುದಿಲ್ಲ,
ನೆನಪಿಗೆ ಮಾತ್ರ.

ನಿಮ್ಮ ಮಾತು ಇಷ್ಟರ ಮಟ್ಟಿಗೆ ಮೀರಿದೆ
ಅಂತ ಅಂದುಂಞಿಚ್ಚನಿಗೆ ಹೇಳಿದೆ.
ಅವರು ಬೀಡಿಯ ಬೂದಿ ಕೊಡವಿ ಅಂದರು,
"ಹೆಡಗೆಯ ತಳದಲ್ಲಿ ಒಂದಿಷ್ಟು ಮಣ್ಣು
ಯಾವಾಗಲೂ ಅಂಟಿಕೊಂಡೇ ಒಳಗೆ ಬರುತ್ತಿತ್ತು.
ನಾನದನ್ನು ಎಂದೂ ಕೊಡವಿದವನಲ್ಲ."

ಆಮೇಲೆ,
"ಆವತ್ತು ಆ ಬ್ಯಾಟರಿ ಹಾಕಿದೆಯಾ?"

ಹಾಕಿರಲಿಲ್ಲ.