ಮಂದಿ ಗಡಿಯಾರ

ಲಾಡ್ಲೇಸಾಬ ಗಡಿಯಾರದ, ವಯಸ್ಸು ಐವತ್ತೆರಡು,
ತಾಜ ಬಾವಡಿ ಓಣಿ.
ಬಲಗೈ ಬಿದ್ದು, ಮಾತು ಅರ್ಧ ಬಿದ್ದು
ಆರೈಕೆ ಕೇಂದ್ರಕ್ಕೆ ಸೇರಿ ಹತ್ತೊಂಬತ್ತು ದಿನ.
ವಾರಸುದಾರರು: ಒಂದು ಅಡ್ಡಗೆರೆ.

ಕೀಲಿ ಒಡೆಯುವ ಪ್ರಸಂಗ ಬರಲಿಲ್ಲ.
ಬಾಳೆಹಣ್ಣಿನ ಗಾಡಿಯ ನೀಲವ್ವ
ಸೆರಗಿನ ಗಂಟು ಬಿಚ್ಚಿ ಚಾವಿ ಕೊಟ್ಟಳು.
"ಚಪ್ಪಲಿ ಬಿಟ್ಟು ಹೋಗ್ರಿ ಸಾಹೇಬ್ರ,
ಸಣ್ಣ ಸ್ಕ್ರೂ ಬಿದ್ದಿರ್ತಾವ,
ಅಂಗಾಲಿಗೆ ಹತ್ತಿದ್ರ ಗೊತ್ತರ ಆಗ್ತೈತಿ."

ಹಿಂದಿನ ಖೋಲಿ.
ಕಬ್ಬಿಣದ ಮಂಚ ಒಂದು, ಟ್ರಂಕು ಒಂದು,
ಸ್ಟೋವು, ಮುಕ್ಕಾಲು ಸೀಸೆ ಚಿಮಣಿ ಎಣ್ಣೆ.
ಬುಟ್ಟಿಯಲ್ಲಿ ಎರಡು ಕಟಕ ರೊಟ್ಟಿ.
ಬರೆಯಲೋ ಬೇಡವೋ? ಬರೆದೆ.
ಇರುವೆ ಬರೆಯಲಿಲ್ಲ.
ಚಹಾಪುಡಿ ಡಬ್ಬಿಯಲ್ಲಿ ಸಾವಿರದ ನಾನೂರ ಮೂವತ್ತು:
ನಾನು ಎಣಿಸಿದೆ, ಆಮೇಲೆ ನೀಲವ್ವ
ಡಜನ್ನಿನ ಲೆಕ್ಕದಲ್ಲಿ ಇನ್ನೊಮ್ಮೆ.

ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಗಡಿಯಾರ ಮೂವತ್ತೊಂದು.
ಅವನವೇ ಎಂದು ಪೆನ್ನು ಊರಿದರೆ
ಒಂದೊಂದರ ಕೊರಳಿಗೂ ದಾರ, ದಾರಕ್ಕೆ ಚೀಟಿ.
ಬಬಲೇಶ್ವರದ ಮಾಸ್ತರರು, ಸೆಲ್ಲು.
ಇಂಡಿ ಬಸ್ಸಿನ ಕಂಡಕ್ಟರ್, ಪಟ್ಟಿ, ರೊಕ್ಕ ಮುಟ್ಟಿದೆ.
ಹೆಸರು ಹೇಳದ ಹುಡುಗಿ, ಅಪ್ಪನದು,
ಇನ್ನು ನಡೆಯೋದಿಲ್ಲ, ಒರೆಸಿ ಇಡೋದು.
ಕೆಳಗೆ, ದೊಡ್ಡದು, ಧೂಳು ಹಿಡಿದದ್ದು:
ಮಹಾನಗರ ಪಾಲಿಕೆ, ಎರಡನೇ ಮಹಡಿ,
ನಾಕು ವರ್ಷ, ಯಾರೂ ಬಂದಿಲ್ಲ.

ಅದು ನನ್ನ ಮೇಜಿನ ಎದುರಿನ ಗೋಡೆ.
ಮೊಳೆ ಇನ್ನೂ ಇದೆ.

ನಮ್ಮ ನಮೂನೆಯಲ್ಲಿ ಕಾಲಮ್ಮು ಎರಡೇ, ಸಾಮಾನು ಮತ್ತು ಬೆಲೆ.
ಸ್ಕೇಲು ಇಟ್ಟು ಮೂರನೆಯದು ಎಳೆದೆ: ಯಾರದು.
ಎಳೆಯುವ ಅಧಿಕಾರ ನನಗಿಲ್ಲ.

ಸಂಜೆ ಯಾದಿ ಒಯ್ದು ಅವನ ಹಾಸಿಗೆಯ ಮೇಲಿಟ್ಟೆ.
ಎಡಗೈ ಹೆಬ್ಬೆಟ್ಟು ಒತ್ತಿದ. ನನ್ನ ಮುಖ ನೋಡಿದ.
"ಚಾ... ಚಾವಿ... ಕೊ... ಡ್ರಿ."
ನಾನು ತಲೆ ತಗ್ಗಿಸಿ ನಿಯಮ ಹೇಳಿದೆ:
ಗುಣವಾಗಿ ಬರುವ ತನಕ ಚಾವಿ ಪಾಲಿಕೆಯ ಸುಪರ್ದಿನಲ್ಲಿ.
ಅವನು ಕಣ್ಣು ಮುಚ್ಚಿ ಮತ್ತೆ ಅದನ್ನೇ ಅಂದ.
ಎಡಗೈಯ ಎರಡು ಬೆರಳು
ಗಾಳಿಯಲ್ಲಿ ಏನನ್ನೋ ಹಿಂಡಿ ಹಿಂಡಿ ತಿರುಗಿಸಿದವು.

ನೀಲವ್ವ ನಕ್ಕಳು.
"ಬಾಗಲದ್ದಲ್ರಿ, ಗಡಿಯಾರಕ್ಕ.
ನಿಂತು ಭಾಳ ದಿನ ಆದ್ರ ತುಕ್ಕ ಹಿಡೀತಾವಂತ."

ಈಗ ಗುರುವಾರ ಸಂಜೆ
ಚಪ್ಪಲಿ ಹೊರಗೆ ಬಿಟ್ಟು ನಾವಿಬ್ಬರು ಒಳಗೆ ಹೋಗುತ್ತೇವೆ.
ಒಂಬತ್ತಕ್ಕೆ ಚಾವಿ ಕೊಡುತ್ತೇವೆ, ಉಳಿದವು ಸೆಲ್ಲಿನವು.
ಹುಡುಗಿಯ ಅಪ್ಪನದನ್ನು ನೀಲವ್ವ ಸೆರಗಿನಿಂದ ಒರೆಸುತ್ತಾಳೆ.
ಪಾಲಿಕೆಯದನ್ನು ನಾನು ಒಯ್ದಿಲ್ಲ;
ದುರಸ್ತಿ ಆಗಿದೆಯೋ ಇಲ್ಲವೋ, ಅವನೇ ಬಂದು ಹೇಳಲಿ.