ಸೂಟು

ಚೀಲಕ್ಕೆ ಎರಡು ಕಿಲೋ.
ಅಂಟಿದ ಮಣ್ಣಿಗೆ ಒಂದು, ಗೋಣಿಗೆ ಅರ್ಧ,
ಮಿಕ್ಕರ್ಧ ಯಾತಕ್ಕೆಂದು ಕೇಳಿದವರಿಲ್ಲ.
ತಕ್ಕಡಿ ಏಳುವ ಮೊದಲೇ ಕಳೆದುಬಿಡುವ ಲೆಕ್ಕ,
ನಮ್ಮ ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಅದರ ಹೆಸರು ಸೂಟು.

ಗುರುಸಿದ್ದಪ್ಪನವರು ಕಟ್ಟಿನಕೆರೆ ಮಾರ್ಕೆಟ್ಟಿನ ಮೂಲೆಯಲ್ಲಿ
ಒಂದು ತಕ್ಕಡಿ, ಎರಡು ಕಬ್ಬಿಣದ ಬಟ್ಟು, ಒಂದು ಕೊಡೆ
ಇಟ್ಟುಕೊಂಡು ಕೂತವರು. ಮಳೆ ಬಂದರೆ
ಕೊಡೆ ತಕ್ಕಡಿಗೆ, ತಲೆ ಮಳೆಗೆ. ಹಾಗಂತ
ಅವರ ಫೋಟೋಕ್ಕೆ ಹಾರ ಹಾಕುವ ದಿನ ಪ್ರತಿವರ್ಷ ಹೇಳುತ್ತಾರೆ.
ನಿಜವೇ ಇರಬೇಕು. ನನ್ನ ತಾತನೂ ಅಲ್ಲೇ ನಿಂತಿದ್ದ,
ಕೊಡೆಯಿಲ್ಲದೆ. ಅವನ ಫೋಟೋ ಇಲ್ಲ.

ಮಗ ಚಂದ್ರಮೌಳಿ ಯಾರ್ಡಿನಲ್ಲಿ ಎರಡು ಮಳಿಗೆ ಹಿಡಿದರು.
ಮೇ ತಿಂಗಳಲ್ಲಿ ಜಲಂಧರಿನ ಬಿತ್ತನೆ ಗೆಡ್ಡೆ ಬಂದಿಳಿದರೆ
ಲಾರಿಯ ಸಾಲು ಗೇಟು ದಾಟಿ ರಸ್ತೆಯವರೆಗೆ,
ಆ ಸಾಲಿನ ಕೊನೆಗೆ ನನ್ನಪ್ಪನ ಹೆಗಲು.
ಎಡಗಡೆ ಒಂದು ಗಂಟು ಬೆಳೆದಿತ್ತು, ನಿಂಬೆಕಾಯಿಯಷ್ಟು.
ಅದನ್ನೇ ಹಿಡಿದು ಹೆಗಲೇರಿ ಕೂರುತ್ತಿದ್ದೆ ನಾನು;
ಎಲ್ಲ ಅಪ್ಪಂದಿರಿಗೂ ಹಿಡಿಕೆ ಇರುತ್ತದೆಂದುಕೊಂಡಿದ್ದೆ.

ಸಂಜೆ ಲಾರಿ ಖಾಲಿಯಾದ ಮೇಲೆ ಉದುರಿದ್ದು ಹಮಾಲರದ್ದು.
ಅದು ಬರೆದ ಕಾನೂನಲ್ಲ, ಬಿದ್ದ ಕಾನೂನು.
ಹರಿದ ಗೋಣಿಯನ್ನು ಬೇಗ ಹೊಲಿಯಬಾರದೆಂದು
ಅವರಿಗೆಲ್ಲ ಗೊತ್ತಿತ್ತು. ಚಂದ್ರಮೌಳಿಯವರಿಗೂ ಗೊತ್ತಿತ್ತು.
ಅವ್ವನ ಸೆರಗಲ್ಲಿ ಬರುತ್ತಿತ್ತು ನಮ್ಮ ರಾತ್ರಿಯ ಸಾರು.

ನಾನು ಬಿ.ಕಾಂ. ಓದಿದೆ. ಫೀಸು ಕಟ್ಟಿದವರು ಸಾಹುಕಾರರೇ.
"ದ್ಯಾವಯ್ಯ, ಹುಡುಗಿ ಲೆಕ್ಕದಲ್ಲಿ ಚುರುಕು, ನಮ್ಮಲ್ಲಿಗೇ ಬರಲಿ."
ಬಂದೆ. ಗುಮಾಸ್ತರ ಇಳಿಜಾರು ಮೇಜು ಹೋಗಿ ಕಂಪ್ಯೂಟರ್ ಬಂತು,
ಅದರ ಹಿಂದೆ ನಾನು, ನನ್ನ ಹಿಂದೆ ಫ್ಯಾನು.
ಅಪ್ಪ ಕಿಟಕಿಯಿಂದ ಇಣುಕಿದವನು ಫ್ಯಾನನ್ನೇ ನೋಡಿದ.

ಈಗ ಮೊಮ್ಮಗ. ನಿಶ್ಚಲ್. ಊಟಿಯ ಶಾಲೆ, ಆಮೇಲೆ ಪುಣೆ.
ಎಲ್ಲರನ್ನೂ ಬಹುವಚನದಲ್ಲಿ ಕರೆಯುತ್ತಾನೆ,
ಹಮಾಲರು ತಿರುಗಿ, ಹಿಂದೆ ಯಾರಿದ್ದಾರೆಂದು ನೋಡುತ್ತಾರೆ.
ಒಂದು ದಿನ ಅಟ್ಟದ ಖಾತೆ ಪುಸ್ತಕಗಳನ್ನೆಲ್ಲ ಇಳಿಸಿದ,
ನನ್ನ ಪಕ್ಕ ಕೂತು ಕೂಡಿದ: ಎರಡು ಕಿಲೋ, ಎರಡು ಕಿಲೋ,
ಐವತ್ತೆರಡು ವರ್ಷ. ಮೊತ್ತ ನೋಡಿ ನೀರು ಕುಡಿದ.
"ಇದು ಥೆಫ್ಟ್. ನಾಳೆಯಿಂದ ಸೂಟಿಲ್ಲ."

ಚಂದ್ರಮೌಳಿಯವರು ಎಲೆಯಡಿಕೆ ಉಗಿದು ಬಂದು ಹೇಳಿದ್ದಿಷ್ಟೇ:
"ಆ ಮಾತು ಕಲಿಯೋಕೆ ನಿನಗೆ ಹತ್ತು ವರ್ಷ ಫೀಸು ಕಟ್ಟಿದೀನಿ.
ಅದನ್ನೂ ಕೂಡ್ಕೋ."
ಆಮೇಲೆ ನನ್ನ ಕಡೆ ನೋಡಿದರು. ಏನೂ ಹೇಳಲಿಲ್ಲ.
ನಾನು ಕೀಬೋರ್ಡಿನ ಧೂಳು ಒರೆಸಿದೆ.

ಸೂಟು ನಿಂತಿತು. ರೈತರು ಮೊದಲ ವಾರ ನಂಬಲಿಲ್ಲ,
ಎರಡನೆಯ ವಾರ, ಮತ್ತೆಲ್ಲಿ ಮುರಿಯುತ್ತಿದ್ದಾನೆಂದು ಹುಡುಕಿದರು.
ಗೋಣಿ ಹೋಗಿ ನೀಲಿ ಪ್ಲಾಸ್ಟಿಕ್ ಕ್ರೇಟು ಬಂತು,
ಚಕ್ರದ ಗಾಡಿ ಬಂತು. ಇಪ್ಪತ್ತೆರಡು ಹಮಾಲರಲ್ಲಿ
ಒಂಬತ್ತು ಜನ ಉಳಿದರು. ಅವರಿಗೆ ಪಿಎಫ್ ಇದೆ,
ಸೊಂಟಕ್ಕೆ ಬೆಲ್ಟು ಇದೆ. ನೆಲ ಕನ್ನಡಿ.
ಏನೂ ಉದುರುವುದಿಲ್ಲ.

ಕಂಪ್ಯೂಟರಿನಲ್ಲಿ ಸೂಟಿನ ಕಾಲಂ ಹಾಗೇ ಇದೆ.
ತೆಗೆದುಹಾಕಲು ಎರಡು ಕ್ಲಿಕ್ ಸಾಕು.
ದಿನಾ ಸೊನ್ನೆ ಬರೆಯುತ್ತೇನೆ.

ನಿನ್ನೆ ಅಪ್ಪ ಬಂದಿದ್ದ, ಲೆಕ್ಕ ಚುಕ್ತಾ ಆದ ರಸೀದಿಗೆ ಹೆಬ್ಬೆಟ್ಟೊತ್ತಲು.
ಹೊಸ ತೂಕದ ಯಂತ್ರ ಕಂಡು ಚಪ್ಪಲಿ ಬಿಟ್ಟು ಹತ್ತಿದ,
ಗುಡಿಯ ಮೆಟ್ಟಿಲು ಹತ್ತಿದ ಹಾಗೆ. ಕೆಂಪಂಕಿಗಳು ಓಡಿ ಓಡಿ ನಿಂತವು:
ಐವತ್ತೊಂದು ಕಿಲೋ ಮುನ್ನೂರು ಗ್ರಾಂ.
ಹೆಬ್ಬೆಟ್ಟಿನ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ
ನನ್ನನ್ನೇ ನೋಡಿ ಕೇಳಿದ,
"ಸೂಟು ಕಳದು ಇಷ್ಟೋ, ಇನ್ನೂ ಕಳೀಬೇಕೋ?"