ಎರಡು ಕಣ್ಣಿನ ಅಂತರ

ಚಿತ್ರ ಕಪ್ಪು-ಬಿಳಿ. ಅಪ್ಪನ ಮೊದಲ ತಕರಾರೇ ಅದು.
"ಬಣ್ಣ ಅಳೀತೀನಿ ಅಂತಿ, ಬಣ್ಣ ಎಲ್ಲೈತಿ ಇದರಾಗ?"
ಸೊಲ್ಲಾಪುರ, ಅಶೋಕ ಚೌಕದ ಹಿಂದಿನ ಓಣಿ, ಮೂರನೇ ಮಜಲಿ.
ಕೆಳಗೆ ಮಗ್ಗ ಓಡಿದರೆ ನನ್ನ ಮೇಜು ನಡುಗುತ್ತದೆ.
ಪರದೆಯ ಮೇಲೆ ಮುನ್ನೂರ ಹನ್ನೆರಡು ಗೆಲಾಕ್ಸಿ,
ಕಪ್ಪು ಕಂಬಳಿಯ ಮೇಲೆ ರವೆ ಚೆಲ್ಲಿದ ಹಾಗೆ.

ಒಂದೊಂದರ ಸುತ್ತ ಒಂದು ವೃತ್ತ ಎಳೆಯುತ್ತೇನೆ,
ಒಳಗೆ ಬಿದ್ದ ಬೆಳಕನ್ನೆಲ್ಲ ಕೂಡಿಸುತ್ತೇನೆ.
ಹೊರಗೆ ಇನ್ನೊಂದು ಬಳೆ, ಅಲ್ಲಿ ಬರೀ ಆಕಾಶ.
ಬರೀ ಆಕಾಶಕ್ಕೂ ಒಂದಿಷ್ಟು ಬೆಳಕಿರುತ್ತದೆ,
ಅದನ್ನು ಕಳೆಯಬೇಕು.
"ಖಾಲಿ ಬಾಬಿನ್ ತೂಕ ಕಳದಂಗ" ಅಂದ ಅಪ್ಪ,
ಚಹಾ ಬಸಿಗೆ ಸುರುವಿಕೊಳ್ಳುತ್ತ.

ಹೊಳಪಿನ ಅಂಕಿ ಹೆಚ್ಚಾದಷ್ಟೂ ಗೆಲಾಕ್ಸಿ ಮಬ್ಬು.
ಕಾಲೇಜಿನ ಹುಡುಗರಿಗೆ ಇದು ಇಳಿಯಲು ಒಂದು ವಾರ ಬೇಕು.
ಅಪ್ಪ ನಕ್ಕುಬಿಟ್ಟ: "ನೂಲಿನ ನಂಬರ ಅಲ್ಲೇನು?
ಹತ್ತು ಅಂದ್ರ ಚಾದರದ ದಪ್ಪ ನೂಲು, ಎಂಬತ್ತು ಅಂದ್ರ ಕೂದಲ.
ನಂಬರ ಏರಿದಂಗ ಎಳಿ ಸಣ್ಣ."

ಮೂವತ್ತೆಂಟು ವರ್ಷ ಬಣ್ಣದ ಮನೆಯಲ್ಲಿ ಶೇಡ್ ಹೊಂದಿಸಿದವನು.
ಕುದಿಯುವ ಹೌದಿನಿಂದ ಯೆಮೂಲ ಮಾಸ್ತರ ಒಂದು ಲಡಿ ಎತ್ತಿ ಹಿಡಿದರೆ
ಉತ್ತರದ ಕಿಟಕಿಗೆ ಒಯ್ದು, ಮಾದರಿ ಚಿಂದಿಯ ಪಕ್ಕ ಇಟ್ಟು,
ಹೂಂ ಅನ್ನಬೇಕಾದದ್ದು ಇವನೇ.
ಮುಂಜಾನೆ ಹತ್ತರ ಬೆಳಕಿನಲ್ಲಿ ಮಾತ್ರ.
ಟ್ಯೂಬ್‌ಲೈಟಿನ ಕೆಳಗೆ, ಮಾಲಕ ಎದುರು ನಿಂತು ಒದರಿದರೂ,
ಒಂದು ದಿನ ಹೂಂ ಅನ್ನಲಿಲ್ಲ.
"ದೀಪ ತನ್ನ ಬಣ್ಣಾನೂ ಬೆರಸತೈತಿ."
ನನ್ನ ಪಟ್ಟಿಯಲ್ಲೂ ಅದಕ್ಕೊಂದು ಮನೆ ಇದೆ:
ನಮ್ಮದೇ ಗೆಲಾಕ್ಸಿಯ ಧೂಳು
ದೂರದವರ ಬೆಳಕಿಗೆ ಬಳಿದ ಕೆಂಪೆಷ್ಟು ಎಂದು.

ಹೋದ ತಿಂಗಳು ಬಲಗಣ್ಣಿನ ಮೋತಿಬಿಂದು ತೆಗೆಸಿದೆವು.
ಎಡಗಣ್ಣು ಇನ್ನೂ ಬಾಕಿ.

ಒಂದೇ ಗೊಂಚಲನ್ನು ಎರಡು ಗಾಜಿನ ಹಿಂದಿನಿಂದ ನೋಡುತ್ತಾರೆ ಅಪ್ಪಾ,
ಒಂದು ಹಸಿರನ್ನು ಬಿಡುತ್ತದೆ, ಒಂದು ಕೆಂಪನ್ನು,
ಎರಡು ಅಂಕಿ ಬರುತ್ತವೆ, ಆಮೇಲೆ...
ಅನ್ನುವಷ್ಟರಲ್ಲಿ ಅವನು ಗಚ್ಚಿಗೆ ಹೋಗಿದ್ದ.
ತಂತಿಯ ಮೇಲೆ ಅವ್ವ ಒಣಹಾಕಿದ ಚಾದರದ ಮುಂದೆ ನಿಂತು
ಒಂದು ಕಣ್ಣು ಮುಚ್ಚುತ್ತಿದ್ದ, ಇನ್ನೊಂದು ತೆರೆಯುತ್ತಿದ್ದ.
"ಈ ಕಣ್ಣಾಗ ನೀಲಿ ಹಾಕಿದ ಬಿಳಿ.
ಈ ಕಣ್ಣಾಗ ಹಳೇ ತುಪ್ಪ.
ಚಾದರ ಒಂದ."
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಬಣ್ಣ ಇದರಾಗೂ ಇಲ್ಲ, ಅದರಾಗೂ ಇಲ್ಲವಾ.
ಕಳದಾಗ ಉಳಿತೈತಲ್ಲ, ಅದು."

ಪುಸ್ತಕ ಮುಚ್ಚಿದೆ.

ಸಂಜೆ ನಕ್ಷೆ ತೋರಿಸಿದೆ. ಕೆಂಪು ಮುದುಕರೆಲ್ಲ
ಹೊಸ ನಕ್ಷತ್ರ ಹೆರುವುದು ಬಿಟ್ಟು ಎಷ್ಟೋ ಕಾಲವಾದವರು,
ಒಂದೇ ಓರೆಗೆರೆಯ ಮೇಲೆ ಸಾಲಾಗಿ ಕೂತಿದ್ದಾರೆ,
ದೊಡ್ಡವರು ತುಸು ಹೆಚ್ಚು ಕೆಂಪು.
ನೂರ ಎಂಬತ್ತೇಳು ಮಾತ್ರ ಕೆಳಗೆ, ಒಂಟಿ, ನೀಲಿ.
"ಲಾಟ್ ಬ್ಯಾರೆ ಇರಬೇಕು" ಅಂದ.
ಇರಬಹುದು. ನಡುದಾರಿಯಲ್ಲಿ ಅಡ್ಡ ನಿಂತ ಹತ್ತಿರದವನಿರಬಹುದು.
ಇಲ್ಲವೆ ಈಗಷ್ಟೇ ಈ ಕೂಟಕ್ಕೆ ಬೀಳುತ್ತಿರುವ ಎಳೆಯವನು,
ಒಲೆ ಇನ್ನೂ ಆರದವನು.
ಬಣ್ಣವೊಂದರಿಂದಲೇ ದೂರ ಹೇಳಲು ಬರುವುದಿಲ್ಲ.
ಪಕ್ಕಕ್ಕೊಂದು ಪ್ರಶ್ನೆಚಿಹ್ನೆ ಹಾಕಿದೆ.
"ತಿಳೀಲಿಲ್ಲ ಅಂತ ಬರ್ಯಾಕ ರೊಕ್ಕ ಕೊಡತಾರು?" ಅಂದವನ ದನಿಯಲ್ಲಿ
ಚೇಷ್ಟೆಗಿಂತ ಹೊಟ್ಟೆಕಿಚ್ಚು ಹೆಚ್ಚಿತ್ತು.

ಆಮೇಲಿನಿಂದ ಮನೆಯ ಒಂದು ಸಾಮಾನನ್ನೂ ಬಿಟ್ಟಿಲ್ಲ.
ಹಾಲು, ರೊಟ್ಟಿ, ವಿಭೂತಿ ಗಟ್ಟಿ, ಅವ್ವನ ಕೂದಲು,
ಎಡಗಣ್ಣು, ಬಲಗಣ್ಣು, ಮತ್ತೆ ಎಡಗಣ್ಣು,
ಹಳೇ ಶೇಡ್‌ಬುಕ್ಕಿನ ಬೆನ್ನಿಗೆ ಅವನದೇ ಗುರುತುಗಳು.
"ಮಂಗಳವಾರ ಎರಡನೇ ಕಣ್ಣು, ನೆನಪೈತಿಲ್ಲೋ?" ಅವ್ವ ಕೇಳಿದಳು.
ಅಪ್ಪ ನನ್ನ ಕಡೆ ತಿರುಗಿದ:
"ಎರಡೂ ಒಂದ ಆದ್ರ ಅಂತರ ಹೋಗತೈತಲ್ಲ.
ಒಂದ ವಾರ ಮುಂದ ಹಾಕ್ಯಾರೇನು, ಕೇಳು."

ಕೇಳಿದೆ. ಹಾಕಿದರು.